26 ಅಂಕೆಯ ಒಂದು ಉತ್ತರ, ಎರಡು ಚೀಟಿ: ಯಾವುದು ಸರಿ ಅಂತ ಕೈಯಲ್ಲೇ ನೋಡುವುದು ಹೇಗೆ?

ಬೋರ್ಡ್_ಬ್ರಷ್

ಎಲ್ಲರಿಗೂ ನಮಸ್ಕಾರ. ನಾನು ತಿಪಟೂರು ಕಡೆಯವನು. ಬೋರ್ಡ್ ಬರೆಯುವುದು ನನ್ನ ಕೆಲಸ. ಅಂಗಡಿ ಬೋರ್ಡು, ಲಾರಿ ನಂಬರು, ಗೋಡೆ ಬರಹ, 24 ವರ್ಷದಿಂದ ಇದೇ. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಡಿಮೆಯಾಗಿದೆ. ಶಾಲೆ ಗೋಡೆಗಳಿಗೆ ಮಾತ್ರ ಇನ್ನೂ ಬ್ರಷ್ಷೇ ಬೇಕು.

ಪಕ್ಕದ ಊರಿನ ಹೈಸ್ಕೂಲಿನವರು ಡಿಸೆಂಬರ್ 22ರ ಗಣಿತ ದಿನಕ್ಕೆ ಕಾಂಪೌಂಡಿನ ಮೇಲೆ ಶಕುಂತಲಾ ದೇವಿಯವರ ಲೆಕ್ಕ ಬರೆಸುತ್ತಿದ್ದಾರೆ. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಅವರು ಮನಸ್ಸಿನಲ್ಲೇ ಮಾಡಿದ ಗುಣಾಕಾರ ಇದು. ಅಲ್ಲಿನ ಕಂಪ್ಯೂಟರ್ ವಿಭಾಗದವರು 13 ಅಂಕೆಯ ಎರಡು ಸಂಖ್ಯೆ ಆರಿಸಿ ಕೊಟ್ಟರು. ಇವರು 28 ಸೆಕೆಂಡಿನಲ್ಲಿ ಉತ್ತರ ಹೇಳಿ ಮುಗಿಸಿದರು. ಗಿನ್ನೆಸ್ ಪುಸ್ತಕದಲ್ಲೂ ಸೇರಿದೆ.

7686369774870 × 2465099745779

ಪ್ರಶ್ನೆ ಬರೆದಾಯಿತು. ತೊಂದರೆ ಇರುವುದು ಉತ್ತರದಲ್ಲಿ. ಶಾಲೆಯಿಂದ ನನಗೆ ಎರಡು ಚೀಟಿ ಬಂದಿವೆ, ಇಬ್ಬರು ಬೇರೆ ಬೇರೆ ಕಡೆಯಿಂದ ನೋಡಿ ಬರೆದುಕೊಟ್ಟಿದ್ದು.

ಚೀಟಿ 1: 18947668177995426462773730
ಚೀಟಿ 2: 18947668177995246462773730

ನಡುವೆ ನೋಡಿ. ಒಂದರಲ್ಲಿ 426, ಇನ್ನೊಂದರಲ್ಲಿ 246. ಉಳಿದದ್ದೆಲ್ಲ ಒಂದೇ. ಫೋನಿನ ಕ್ಯಾಲ್ಕುಲೇಟರ್‌ನಲ್ಲಿ ಹಾಕಿದರೆ 1.8947668 ಅಂತ ತೋರಿಸಿ, ಮುಂದೆ ಒಂದು ಅಕ್ಷರ, ಆಮೇಲೆ 25. ನನಗೆ ಬೇಕಾದ ಜಾಗ ಬರುವ ಹೊತ್ತಿಗೆ ಅದು ಅಂಕೆಗಳನ್ನೇ ಬಿಟ್ಟುಬಿಡುತ್ತದೆ.

ಇಷ್ಟು ತಲೆಕೆಡಿಸಿಕೊಳ್ಳಲು ಕಾರಣ ಇದೆ. ಹತ್ತು ವರ್ಷದ ಹಿಂದೆ ಒಂದು ಕೊಬ್ಬರಿ ಮಂಡಿಯ ಶಟರ್ ಮೇಲೆ ಫೋನ್ ನಂಬರ್ ಬರೆದಿದ್ದೆ. ಎರಡು ಅಂಕೆ ಹಿಂದುಮುಂದಾಗಿತ್ತು. ನಾಲ್ಕು ತಿಂಗಳು ರೈತರ ಫೋನೆಲ್ಲ ಯಾರದೋ ಮನೆಗೆ ಹೋಗಿದೆ. ಆ ಮನೆಯ ಅಜ್ಜಿ ಪಾಪ ಪ್ರತಿಯೊಬ್ಬರಿಗೂ ‘ಇಲ್ಲಪ್ಪ, ಇದು ಮಂಡಿಯಲ್ಲ’ ಅಂತ ಹೇಳಿ ಹೇಳಿ ಸುಸ್ತಾಗಿದ್ದರಂತೆ. ಅವತ್ತಿನಿಂದ ಅಂಕೆ ಅಂದರೆ ಮೂರು ಸಲ ನೋಡದೆ ನಾನು ಬ್ರಷ್ ಅದ್ದುವುದಿಲ್ಲ.

ಗೋಡೆಯ ಅಳತೆಯೂ ಹೇಳುತ್ತೇನೆ. ಎರಡು ಕಂಬದ ನಡುವೆ 14 ಅಡಿ, ಅಂದರೆ 168 ಇಂಚು. ಕನ್ನಡ ಅಂಕೆಯಲ್ಲೇ ಬರೆಯಬೇಕು ಅಂತ ಹೇಳಿದ್ದಾರೆ. ಮೂರು ಮೂರು ಅಂಕೆಯ ಗುಂಪು ಮಾಡಿದ್ದೇನೆ. ಅಂಕೆಗೆ 5 ಇಂಚು, ಗುಂಪಿನ ನಡುವೆ 3 ಇಂಚು, ಒಟ್ಟು 154. ಎರಡೂ ಬದಿ ಏಳೇಳು ಇಂಚು ಉಳಿಯುತ್ತದೆ. ದಾರ ಹೊಡೆದು ಗೆರೆಯೂ ಹಾಕಿಯಾಗಿದೆ. ಯಾವ ಚೀಟಿ ಅಂತ ಗೊತ್ತಾದರೆ ಸಾಕು.

ಕೋಡ್_ಹುಡುಗ

ಅಣ್ಣ, ಚೀಟಿ 1 ಸರಿ. ಪೈಥಾನ್‌ನಲ್ಲಿ ಈಗಷ್ಟೇ ಹಾಕಿ ನೋಡಿದೆ. ಅದರಲ್ಲಿ ಪೂರ್ಣ ಸಂಖ್ಯೆ ಎಷ್ಟೇ ಉದ್ದ ಇದ್ದರೂ ಒಂದು ಅಂಕೆಯನ್ನೂ ಬಿಡದೆ ತೋರಿಸುತ್ತದೆ. 18947668177995426462773730. ಧೈರ್ಯವಾಗಿ ಬರೆಯಿರಿ.

ಬೋರ್ಡ್_ಬ್ರಷ್

ತುಂಬಾ ಥ್ಯಾಂಕ್ಸ್ ತಮ್ಮ. ನಿನ್ನ ಮಾತು ನಂಬುತ್ತೇನೆ. ಆದರೂ ಒಂದು ಆಸೆ. ನಾನು ಏಣಿ ಮೇಲೆ ನಿಂತು ಬರೆಯುವಾಗ ಮಕ್ಕಳು ಕೆಳಗೆ ಗುಂಪು ಕಟ್ಟುತ್ತಾರೆ. ನಿನ್ನೆಯೇ ಒಬ್ಬಳು ಕೇಳಿದಳು: ‘ಅಂಕಲ್, ಇದು ಸರಿ ಅಂತ ನಿಮಗೆ ಹೆಂಗೆ ಗೊತ್ತು?’ ಕಂಪ್ಯೂಟರ್ ಹೇಳಿತು ಅನ್ನೋದಕ್ಕಿಂತ ಅವಳ ನೋಟ್‌ಬುಕ್ಕಿನಲ್ಲೇ ಮಾಡಿ ತೋರಿಸುವಂಥದ್ದು ಏನಾದರೂ ಇದೆಯಾ? ನಾನು ಓದಿರುವುದು ಎಸ್ಸೆಸ್ಸೆಲ್ಸಿ. ಗುಣಾಕಾರ, ಭಾಗಾಕಾರ ಚೆನ್ನಾಗಿ ಬರುತ್ತದೆ.

ಲೆಕ್ಕದ_ಟೀಚರ್

ಆ ಹುಡುಗಿ ಕೇಳಿದ್ದು ಬಹಳ ಒಳ್ಳೆಯ ಪ್ರಶ್ನೆ. 31 ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು ನಾನು. ಇಂಥ ಪ್ರಶ್ನೆ ಕೇಳುವ ಮಕ್ಕಳು ವರ್ಷಕ್ಕೆ ಒಬ್ಬರೋ ಇಬ್ಬರೋ ಸಿಗುತ್ತಿದ್ದರು. ಅವಳಿಗೆ ಮೊದಲು ಒಂಬತ್ತರ ಪರೀಕ್ಷೆ ತೋರಿಸಿ.

ಹತ್ತನ್ನು ಒಂಬತ್ತರಿಂದ ಭಾಗಿಸಿದರೆ ಶೇಷ 1. ನೂರಕ್ಕೂ 1, ಸಾವಿರಕ್ಕೂ 1. ಹಾಗಾಗಿ ಯಾವ ಸಂಖ್ಯೆಯಾದರೂ ಅದರ ಅಂಕೆಗಳನ್ನು ಸುಮ್ನೆ ಕೂಡಿದರೆ ಸಾಕು, ಒಂಬತ್ತರ ಶೇಷ ಸಿಕ್ಕಿಬಿಡುತ್ತದೆ. ನಿಮ್ಮ ಮೊದಲ ಸಂಖ್ಯೆಯ ಅಂಕೆಗಳ ಮೊತ್ತ 78. ಏಳು ಎಂಟು ಹದಿನೈದು, ಒಂದು ಐದು ಆರು. ಎರಡನೆಯದರ ಮೊತ್ತ 74, ಅದು 11, ಅದು 2. ಆರೆರಡಲ ಹನ್ನೆರಡು, ಅಂದರೆ 3. ಉತ್ತರದಿಂದಲೂ 3 ಬರಬೇಕು. ಚೀಟಿ 1ರ ಮೊತ್ತ 138, ಅದು 12, ಅದು 3. ಸರಿಹೋಯಿತು.

ಆದರೆ ಚೀಟಿ 2ರ ಮೊತ್ತವೂ 138 ಆಗುತ್ತದೆ! ಅಂಕೆ ಜಾಗ ಬದಲಿಸಿದರೆ ಮೊತ್ತ ಬದಲಾಗುವುದಿಲ್ಲವಲ್ಲ. ನಿಮ್ಮ ಮಂಡಿಯ ನಂಬರಿನಲ್ಲಾದ ತಪ್ಪು ಇದೇ ಜಾತಿಯದು. ಒಂಬತ್ತರ ಪರೀಕ್ಷೆಗೆ ಇದು ಕಾಣಿಸುವುದೇ ಇಲ್ಲ.

ಅದಕ್ಕೆ ಹನ್ನೊಂದರ ಪರೀಕ್ಷೆ ಬೇಕು. ಬಲಗಡೆಯಿಂದ ಒಂದು ಬಿಟ್ಟು ಒಂದು ಅಂಕೆ ಕೂಡಿ. ಬಿಟ್ಟವನ್ನು ಬೇರೆ ಕೂಡಿ. ಮೊದಲ ಮೊತ್ತದಿಂದ ಎರಡನೆಯದನ್ನು ಕಳೆಯಿರಿ. ಹತ್ತು ಹನ್ನೊಂದಕ್ಕಿಂತ ಒಂದು ಕಡಿಮೆ, ನೂರು ತೊಂಬತ್ತೊಂಬತ್ತಕ್ಕಿಂತ ಒಂದು ಜಾಸ್ತಿ. ಹೀಗೆ ಒಂದು ಸಲ ಕಡಿಮೆ, ಒಂದು ಸಲ ಜಾಸ್ತಿ ಆಗುತ್ತಾ ಹೋಗುವುದರಿಂದ ಇದು ನಡೆಯುತ್ತದೆ.

ಮೊದಲ ಸಂಖ್ಯೆ 7686369774870: 42 ಮತ್ತು 36. ವ್ಯತ್ಯಾಸ 6.
ಎರಡನೆಯದು 2465099745779: 37 ಮತ್ತು 37. ವ್ಯತ್ಯಾಸ ಸೊನ್ನೆ!

ಇಲ್ಲಿ ನಾನು ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ನೋಡುತ್ತಾ ಕೂತೆ. ಯಾರೋ ಸುಮ್ನೆ ಆರಿಸಿದ ಸಂಖ್ಯೆ, ಹನ್ನೊಂದರಿಂದ ಪೂರ್ತಿ ಭಾಗವಾಗುತ್ತದೆ. ಭಾಗಿಸಿಯೂ ನೋಡಿದೆ, 224099976889 ಬಂತು, ಶೇಷ ಇಲ್ಲ. ಅಂದ ಮೇಲೆ ಗುಣಲಬ್ಧವೂ ಹನ್ನೊಂದರಿಂದ ಭಾಗವಾಗಲೇಬೇಕು. ಈಗ ಚೀಟಿಗಳನ್ನು ನೋಡಿ.

ಚೀಟಿ 1: 69 ಮತ್ತು 69.
ಚೀಟಿ 2: 71 ಮತ್ತು 67. ವ್ಯತ್ಯಾಸ 4.

ಚೀಟಿ 2 ತಪ್ಪು. ಇದರಲ್ಲಿ ಅನುಮಾನವೇ ಇಲ್ಲ.

ಉತ್ತರವನ್ನು ಓದುವುದು ಹೇಗೆ ಅಂತಲೂ ಮಕ್ಕಳು ಕೇಳುತ್ತಾರೆ. ಬಲಗಡೆಯಿಂದ ಏಳೇಳು ಅಂಕೆ ಬಿಡಿಸಿಕೊಂಡು ಹೋದರೆ ಎಡಗಡೆ 18947 ಉಳಿಯುತ್ತದೆ. ಅಂದರೆ ಹದಿನೆಂಟು ಸಾವಿರದ ಒಂಬೈನೂರ ನಲವತ್ತೇಳು ಕೋಟಿ ಕೋಟಿ ಕೋಟಿ, ಮೇಲೆ ಚಿಲ್ಲರೆ. ಗೋಡೆಗೆ ನೀವು ಮಾಡಿರುವ ಮೂರರ ಗುಂಪೇ ಚೆನ್ನ, ಕಣ್ಣಿಗೆ ಹಿಡಿಯುತ್ತದೆ.

ತಾಳೆ_ಹಾಸನ

ಟೀಚರ್ ಹೇಳಿದ್ದು ನೋಡಿ ನನ್ನ ಕೆಲಸದ ದಿನಗಳು ನೆನಪಾದವು. ಬ್ಯಾಂಕಿನಲ್ಲಿ ಕೈಯಲ್ಲೇ ಲೆಡ್ಜರ್ ಬರೆಯುತ್ತಿದ್ದ ಕಾಲದಲ್ಲಿ ಸಂಜೆ ತಾಳೆ ಬರದಿದ್ದರೆ ಮೊದಲು ವ್ಯತ್ಯಾಸವನ್ನು ಒಂಬತ್ತರಿಂದ ಭಾಗಿಸುತ್ತಿದ್ದೆವು. ಪೂರ್ತಿ ಭಾಗವಾದರೆ ಎಲ್ಲೋ ಎರಡು ಅಂಕೆ ಅದಲುಬದಲಾಗಿದೆ ಅಂತ ಗುಮಾನಿ. ನಿಮ್ಮ ಚೀಟಿಗಳದ್ದೂ ಅದೇ. 426ರಲ್ಲಿ 246 ಕಳೆದರೆ 180. ಒಂಬತ್ತಿಪ್ಪತ್ಲ ನೂರೆಂಬತ್ತು. ಎಷ್ಟೋ ರಾತ್ರಿ ಎಂಟು ಗಂಟೆವರೆಗೆ ಕೂತು ಹುಡುಕಿದ ತಪ್ಪು ಈ ಥರದ್ದೇ.

ಒಂದು ಮಾತು ಸೇರಿಸಬೇಕು ಅನಿಸಿತು. ಹನ್ನೊಂದರ ಪರೀಕ್ಷೆ ಚೀಟಿ 2 ತಪ್ಪು ಅಂತ ತೋರಿಸಿತು. ಚೀಟಿ 1 ಸರಿ ಅಂತ ತೋರಿಸಿಲ್ಲ. 426ರ ಬದಲು 624 ಅಂತ ಬರೆದಿದ್ದರೆ? 4 ಮತ್ತು 6 ಎರಡೂ ಒಂದೇ ಸಾಲಿನ ಕೂಡಿಕೆಯಲ್ಲಿ ಇವೆ, ಆಗಲೂ 69, 69 ಬರುತ್ತದೆ. ಒಂಬತ್ತೂ ಬಿಡುತ್ತದೆ, ಹನ್ನೊಂದೂ ಬಿಡುತ್ತದೆ.

ನೀವು ಮೂರು ಮೂರು ಅಂಕೆ ಗುಂಪು ಮಾಡಿದ್ದೀರಲ್ಲ, ಅದನ್ನೇ ಬಳಸಿಕೊಳ್ಳಿ. ಗುಂಪುಗಳನ್ನೇ ಸಂಖ್ಯೆ ಅಂದುಕೊಂಡು ಕೂಡಿ. ಇದು 999ರ ಪರೀಕ್ಷೆ.

ಮೊದಲ ಸಂಖ್ಯೆ: 7 + 686 + 369 + 774 + 870 = 2706. ಎರಡನ್ನು ಈಚೆ ತಂದು ಕೂಡಿದರೆ 708.
ಎರಡನೆಯದು: 2 + 465 + 099 + 745 + 779 = 2090. ಅದು 92.
708 × 92 = 65136. 65 + 136 = 201.
ಚೀಟಿ 1ರ ಗುಂಪುಗಳ ಮೊತ್ತ 5196. 5 + 196 = 201. ತಾಳೆ ಬಂತು!
ಚೀಟಿ 2ರದ್ದು 5016, ಅಂದರೆ 21. ಬರಲಿಲ್ಲ.

ಇದಕ್ಕೂ ಒಂದು ತಪ್ಪು ಕಾಣುವುದಿಲ್ಲ. ನೀವು ಅಳತೆ ತಪ್ಪಿ ಇಡೀ ಒಂದು ಗುಂಪನ್ನು ಪಕ್ಕದ ಗುಂಪಿನ ಜಾಗದಲ್ಲಿ ಬರೆದರೆ ಮೊತ್ತ ಅಷ್ಟೇ ಇರುತ್ತದೆ. ಅದಕ್ಕೆ ಬಲಗಡೆಯಿಂದ ಒಂದು ಗುಂಪು ಕೂಡಿ, ಮುಂದಿನದು ಕಳೆದು, ಹೀಗೆ ಹೋಗಿ. ಇದು 1001ರ ಪರೀಕ್ಷೆ. ಮೊದಲನೆಯದಕ್ಕೆ −214, ಎರಡನೆಯದಕ್ಕೆ −330. ಎರಡನ್ನೂ ಗುಣಿಸಿದರೆ 70620. ಅದರಿಂದ 70070 ತೆಗೆದರೆ 550. ಚೀಟಿ 1ನ್ನು ಹಾಗೇ ಕೂಡಿ ಕಳೆದರೆ ನೇರವಾಗಿ 550 ಬರುತ್ತದೆ. ನನಗಂತೂ ಮೈ ಜುಮ್ಮೆಂದಿತು. 1001 ಅಂದರೆ 7 × 11 × 13, ಹಾಗಾಗಿ ಈ ಒಂದೇ ಲೆಕ್ಕದಲ್ಲಿ ಮೂರು ಪರೀಕ್ಷೆ ಮುಗಿಯುತ್ತವೆ.

ಕನ್ನಡ ಅಂಕೆ ಅಂದಿರಲ್ಲ, ೬ ಮತ್ತು ೯ ನೋಡಿಕೊಳ್ಳಿ. ದೂರದಿಂದ ಎರಡೂ ಒಂದೇ ಥರ ಕಾಣುತ್ತವೆ. ಒಂದು ಕಡೆ ಬದಲಾದರೂ ಮೊತ್ತ ಮೂರರಷ್ಟು ಹೆಚ್ಚುಕಡಿಮೆಯಾಗುತ್ತದೆ, ಒಂಬತ್ತರ ಪರೀಕ್ಷೆಯಲ್ಲೇ ಸಿಕ್ಕಿಬೀಳುತ್ತದೆ. ಬರೆದು ಮುಗಿಸಿದ ಮೇಲೆ ಚೀಟಿ ಬದಿಗಿಟ್ಟು ಗೋಡೆ ನೋಡಿಕೊಂಡೇ ಕೂಡಿ.

ಬೋರ್ಡ್_ಬ್ರಷ್

ಟೀಚರಮ್ಮ, ಹಾಸನದ ಅಕ್ಕ, ಇಬ್ಬರಿಗೂ ಕೈ ಮುಗಿದೆ. ರಾತ್ರಿ ಊಟ ಆದ ಮೇಲೆ ಎರಡೂ ಪರೀಕ್ಷೆ ಮಾಡಿದೆ, ಬಂತು. ಆಮೇಲೆ ಅನಿಸಿತು, ಗುಂಪು ಹೇಗೂ ಇದೆ, ಪೂರ್ತಿ ಗುಣಾಕಾರವನ್ನೇ ಮಾಡಿಬಿಡೋಣ ಅಂತ. ಮೇಲೆ ಐದು ಗುಂಪು, ಕೆಳಗೆ ಐದು ಗುಂಪು. 25 ಸಣ್ಣ ಗುಣಾಕಾರ ಅಷ್ಟೇ. ಪಡಸಾಲೆಯ ಸಿಮೆಂಟ್ ನೆಲದ ಮೇಲೆ ಸೀಮೆಸುಣ್ಣದಲ್ಲಿ ಶುರು ಮಾಡಿದೆ. ಹೆಂಡತಿ ಒಂದೊಂದು ಗುಣಾಕಾರವನ್ನೂ ಫೋನಿನಲ್ಲಿ ಇನ್ನೊಮ್ಮೆ ನೋಡಿ ಹೇಳಿದಳು. ಸಣ್ಣದಕ್ಕೆ ಫೋನ್ ಸಾಕಲ್ವಾ.

ಬಲ ತುದಿ: 870 × 779 = 677730. 730 ಬರೆದು 677 ಕೈಯಲ್ಲಿ.
ಮುಂದೆ: 774 × 779 = 602946, 870 × 745 = 648150. ಎರಡೂ ಸೇರಿ 1251096. ಕೈಯಲ್ಲಿದ್ದ 677 ಸೇರಿ 1251773. 773 ಬರೆದು 1251 ಕೈಯಲ್ಲಿ.

ಮೂರನೆಯ ಗುಂಪು 462 ಬಂತು, 951 ಕೈಯಲ್ಲಿ. ನಾಲ್ಕನೆಯದು ಬಂದಾಗ ಎದೆ ಹೊಡೆದುಕೊಳ್ಳುತ್ತಿತ್ತು. ಜಗಳ ಇರುವುದು ಅದೇ ಗುಂಪಿನಲ್ಲಿ.

686 × 779 = 534394
369 × 745 = 274905
774 × 99 = 76626
870 × 465 = 404550

ನಾಲ್ಕೂ ಕೂಡಿದರೆ 1290475. ಕೈಯಲ್ಲಿದ್ದ 951 ಸೇರಿಸಿದರೆ 1291426.

426! ‘ನಾಲ್ಕು ನೂರ ಇಪ್ಪತ್ತಾರು’ ಅಂತ ಜೋರಾಗಿ ಕೂಗಿಬಿಟ್ಟೆ, ಮಲಗಿದ್ದ ಮಗ ಎದ್ದು ಬಂದ. ಅವನನ್ನೂ ಕೂರಿಸಿಕೊಂಡು ಉಳಿದದ್ದು ಮುಗಿಸಿದೆವು. 995, 177, 668, 947, ಕೊನೆಗೆ 18. ಎಲ್ಲಾ ಗುಂಪೂ ಚೀಟಿ 1ರಲ್ಲಿ ಇದ್ದ ಹಾಗೇ ಬಂತು. ನಮಗೆ ಒಂದೂಕಾಲು ಗಂಟೆ ಹಿಡಿಯಿತು. ಆ ತಾಯಿ ಇದನ್ನು 28 ಸೆಕೆಂಡಿನಲ್ಲಿ, ಕಾಗದ ಇಲ್ಲದೆ ಮಾಡಿದ್ದಾರೆ. ನೆಲದ ತುಂಬಾ ಹರಡಿದ್ದ ಸೀಮೆಸುಣ್ಣ ನೋಡಿದಾಗಲೇ ನನಗೆ ಅದರ ತೂಕ ಗೊತ್ತಾಗಿದ್ದು.

ಕೋಡ್_ಹುಡುಗ

ಅಣ್ಣ, ಓದಿ ತುಂಬಾ ಖುಷಿಯಾಯಿತು. ನಾನು ಒಂದು ಸಾಲು ಟೈಪ್ ಮಾಡಿ ಮುಗಿಸಿದ್ದೆ. ನೀವು ಮಾಡಿದ್ದನ್ನು ನೋಡಿ ನಾನೂ ಈ ಸಂಖ್ಯೆಯ ಒಳಗೆ ಏನಿದೆ ಅಂತ ಪೇಪರಿನಲ್ಲಿ ಹುಡುಕಿದೆ.

ಕೊನೆಯಲ್ಲಿ ಒಂದೇ ಸೊನ್ನೆ. ಹಾಗಾಗಿ 2 ಮತ್ತು 5 ಎರಡರಿಂದಲೂ ಭಾಗವಾಗುತ್ತದೆ. ಕೊನೆಯ ಎರಡು ಅಂಕೆ 30, ಅದು 4ರಿಂದಲೂ ಹೋಗಲ್ಲ, 25ರಿಂದಲೂ ಹೋಗಲ್ಲ. ಮೊತ್ತ 138, ಹಾಗಾಗಿ 3ರಿಂದ ಭಾಗವಾಗುತ್ತದೆ, 9ರಿಂದ ಇಲ್ಲ. 11 ಇದೆ ಅಂತ ಟೀಚರ್ ಆಗಲೇ ಹಿಡಿದಿದ್ದಾರೆ. 7, 13, 17, 19, 23, 29, 31 ಎಲ್ಲಾ ನೋಡಿದೆ, ಒಂದೂ ಇಲ್ಲ. ಅಂದರೆ 31ರವರೆಗಿನ ಅವಿಭಾಜ್ಯಗಳಲ್ಲಿ 2, 3, 5, 11 ಮಾತ್ರ, ಅದೂ ಒಂದೊಂದೇ ಸಲ. ಇಡೀ ಸಂಖ್ಯೆ 330ರಿಂದ ಭಾಗವಾಗುತ್ತದೆ. 3 ಒಂದೇ ಸಲ ಇರುವುದರಿಂದ ಇದು ಯಾವ ಸಂಖ್ಯೆಯ ವರ್ಗವೂ ಅಲ್ಲ, ಘನವೂ ಅಲ್ಲ.

ನಿಮ್ಮ ಕೆಲಸಕ್ಕೆ ಬೇಕಾದ್ದು ಇನ್ನೊಂದು. 0ಯಿಂದ 9ರವರೆಗೆ ಹತ್ತೂ ಅಂಕೆ ಇದರಲ್ಲಿವೆ. 7 ಆರು ಸಲ, 6 ನಾಲ್ಕು ಸಲ, 4 ಮತ್ತು 9 ಮೂರು ಮೂರು ಸಲ. 1, 2, 3, 8 ಎರಡೆರಡು ಸಲ. 5 ಮತ್ತು 0 ಒಂದೊಂದೇ ಸಲ. ಅಂಕೆ ಕೊರೆದ ಹಾಳೆ ಇಟ್ಟುಕೊಂಡು ಬರೆಯುವುದಾದರೆ ಹತ್ತೂ ಹಾಳೆ ಬೇಕು.

ಲೆಕ್ಕದ_ಟೀಚರ್

ಮನೆಮಂದಿಯೆಲ್ಲ ಕೂತು ನೆಲದ ಮೇಲೆ ಲೆಕ್ಕ ಮಾಡಿದ್ದು ಕೇಳಿ ಕಣ್ಣು ತುಂಬಿತು. ಶಕುಂತಲಾ ದೇವಿಯವರು 1929ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಅಪ್ಪ ಸರ್ಕಸ್ಸಿನಲ್ಲಿ ಕೆಲಸ ಮಾಡಿದವರು. ಇಸ್ಪೀಟ್ ಎಲೆ ಆಡಿಸುವಾಗ ಮಗಳ ಜ್ಞಾಪಕಶಕ್ತಿ ಅವರ ಕಣ್ಣಿಗೆ ಬಿತ್ತು. ಮಕ್ಕಳಿಗೆ ಇದನ್ನೂ ಹೇಳಿ.

ಗೋಡೆಯಲ್ಲಿ ಇನ್ನೂ ಜಾಗ ಇದ್ದರೆ ಅವರ ಇನ್ನೊಂದು ಸಂಖ್ಯೆ ಬರೆಯಿರಿ. 1977ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ, ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿ ಅವರಿಗೆ 201 ಅಂಕೆಯ ಸಂಖ್ಯೆ ಕೊಟ್ಟು ಅದರ 23ನೇ ಮೂಲ ಕೇಳಿದ್ದರು. 50 ಸೆಕೆಂಡಿನಲ್ಲಿ ಹೇಳಿದ ಉತ್ತರ ಇದು:

546372891

ಸುಮ್ನೆ ಒಮ್ಮೆ ಅಂಕೆಗಳನ್ನು ನೋಡಿ. 1ರಿಂದ 9ರವರೆಗೆ ಪ್ರತಿಯೊಂದೂ ಒಂದೊಂದೇ ಸಲ. ಮೊತ್ತ 45, ಹಾಗಾಗಿ ಒಂಬತ್ತರಿಂದ ಭಾಗವಾಗುತ್ತದೆ. ಭಾಗಿಸಿದರೆ 60708099. ಅದು ಇನ್ನೊಮ್ಮೆ 3ರಿಂದ ಹೋಗುತ್ತದೆ, 20236033. ಅಲ್ಲಿಗೆ ನಿಂತಿತು. ಮೂರು ಸಲ 3 ಇದೆ ಅಂದರೆ, 23 ಸಲ ಗುಣಿಸಿದ ಆ 201 ಅಂಕೆಯ ಸಂಖ್ಯೆಯಲ್ಲಿ 3 ಎಷ್ಟು ಸಲ ಇರಬೇಕು? ಇಪ್ಪತ್ತಮೂರು ಮೂರಲ ಅರವತ್ತೊಂಬತ್ತು. ನಿಮ್ಮ ಗೋಡೆಯ ಸಂಖ್ಯೆಯಲ್ಲಿ 69, 69 ಬಂದಿತ್ತಲ್ಲ, ಇಲ್ಲೂ 69. ಇದು ತಾನಾಗಿ ಆದ ಹೊಂದಾಣಿಕೆ, ಒಂದಕ್ಕೊಂದು ಸಂಬಂಧ ಇಲ್ಲ. ಆದರೂ ಮಕ್ಕಳ ಮುಖ ಅರಳುತ್ತದೆ.

201 ಅಂಕೆಯ ಕೊನೆಯಲ್ಲಿ 1 ಇತ್ತು. ಒಂದು ಸಂಖ್ಯೆಯನ್ನು 23 ಸಲ ಗುಣಿಸಿದಾಗ ಕೊನೆಗೆ 1 ಬರಬೇಕಾದರೆ ಆ ಸಂಖ್ಯೆಯ ಕೊನೆಯೂ 1 ಆಗಿರಲೇಬೇಕು. 3, 7, 9 ಇಟ್ಟು ನೋಡಲು ಆ ಹುಡುಗಿಗೆ ಹೇಳಿ. ಒಂದು ಅಂಕೆ ಅಷ್ಟು ಸುಲಭವಾಗಿ ಸಿಗುತ್ತದೆ. ಉಳಿದ ಎಂಟು ಅಂಕೆಯಲ್ಲಿ ಅವರ ಪ್ರತಿಭೆ ಇದೆ.

ಬೋರ್ಡ್_ಬ್ರಷ್

ಶನಿವಾರ ಸಂಜೆ ಬರೆದು ಮುಗಿಸಿದೆ. ನೀಲಿ ಎನಾಮಲ್, ಬಿಳಿ ಗೋಡೆ.

೧೮ ೯೪೭ ೬೬೮ ೧೭೭ ೯೯೫ ೪೨೬ ೪೬೨ ೭೭೩ ೭೩೦

೬ರ ಬಾಲ ಮತ್ತು ೯ರ ಬಾಲವನ್ನು ಅರ್ಧ ಇಂಚು ಜಾಸ್ತಿ ಎಳೆದಿದ್ದೇನೆ, ರಸ್ತೆಯಿಂದ ನೋಡಿದರೂ ಬೇರೆ ಬೇರೆ ಕಾಣುತ್ತವೆ. ಅಕ್ಕ ಹೇಳಿದ ಹಾಗೆ ಚೀಟಿ ಜೇಬಿಗೆ ಹಾಕಿ ಗೋಡೆ ನೋಡಿಕೊಂಡೇ ಕೂಡಿದೆ. 5196 ಬಂತು. ಪ್ರಶ್ನೆ ಕೇಳಿದ ಹುಡುಗಿ ಪಕ್ಕದಲ್ಲಿ ನಿಂತು ಹನ್ನೊಂದರ ಪರೀಕ್ಷೆ ಮಾಡಿದಳು. ‘ಅಂಕಲ್, ಅರವತ್ತೊಂಬತ್ತು, ಅರವತ್ತೊಂಬತ್ತು’ ಅಂತ ಕೂಗಿದಳು.

ಟೀಚರಮ್ಮ, ನೀವು ಹೇಳಿದ ಸಂಖ್ಯೆಗೆ ಹೆಡ್‌ಮಾಸ್ಟರ್ ಒಪ್ಪಿದ್ದಾರೆ. ಗೇಟಿನ ಎಡಗಡೆ ಆರಡಿ ಖಾಲಿ ಇದೆ. ಒಂಬತ್ತು ಅಂಕೆಗೆ 45 ಇಂಚು, ನಡುವಿನ ಎರಡು ಸಂದಿಗೆ 6, ಒಟ್ಟು 51. ಸೊನ್ನೆಯ ಹಾಳೆ ಬಿಟ್ಟು ಉಳಿದ ಒಂಬತ್ತೂ ಹಾಳೆ ಒಂದೊಂದು ಸಲ ಬೇಕು. ಸೋಮವಾರ ಪ್ರೈಮರ್ ಹೊಡೆಯುತ್ತೇನೆ.